ಅಣ್ಣನಿಂದ ಒಂದು ನಿಮಿಷದ ಮೌನ

ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬೀದಿಗೆಲ್ಲ ಅವಳು ‘ಶ್ ಚಿಕ್ಕಮ್ಮ’. ಕೇಳುವ ಪುಸ್ತಕಗಳನ್ನು ತಯಾರು ಮಾಡುವುದು ಅವಳ ಕಸುಬು. ಯಾರೋ ಓದಿ ರೆಕಾರ್ಡ್ ಮಾಡಿದ್ದರಲ್ಲಿನ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಎಂಜಲು ನುಂಗಿದ ಸದ್ದು ಎಲ್ಲ ಹೆಕ್ಕಿ ತೆಗೆದು, ಕಿರುಚಿದ್ದನ್ನು ತಗ್ಗಿಸಿ, ಪಿಸುಗುಟ್ಟಿದ್ದನ್ನು ಎತ್ತಿ, ಅಧ್ಯಾಯಕ್ಕೊಂದು ಫೈಲು ಮಾಡಿ ಪ್ರಕಟಿಸುವ ಆ್ಯಪ್‌ನವರಿಗೆ ಕಳಿಸಬೇಕು. ಅವರ ಕಿವಿ ಬಲು ಚುರುಕು. ಹಿನ್ನೆಲೆಯಲ್ಲಿ ಸೊಳ್ಳೆ ಗುಂಯ್ ಅಂದರೂ ಫೈಲು ವಾಪಸ್. ಹಾಗಾಗಿ ಬಟ್ಟೆ ಬೀರುವಿನ ಕೋಣೆಗೆ ಸುತ್ತಲೂ ರಜಾಯಿ ಹೊದಿಸಿಕೊಂಡು ಕೂತಿದ್ದಾಳೆ. ಗಂಡನಿಗೆ ಬಿಸ್ಕತ್ತು ಕಚ್ಚಬೇಕೆನಿಸಿದರೆ ಮಹಡಿ ಹತ್ತಬೇಕು. ಫ್ರಿಜ್ಜಿನ ಪ್ಲಗ್ ಕಿತ್ತು, ಮತ್ತೆ ಹಾಕಲು ಮರೆತು, ಹಾಲು ಒಡೆದದ್ದಕ್ಕೆ ಲೆಕ್ಕವಿಲ್ಲ.

ಇಂಥವಳ ಕೈಗೆ ಸಿಕ್ಕವನು ಒಡಹುಟ್ಟಿದ ಅಣ್ಣ. ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಬಾಯಿಗೆ ಬೀಗವಿಲ್ಲದವನು. ತನ್ನ ಬಸ್ಸಿನ ಕಥೆಗಳನ್ನು ಬರೆದು, ತಾನೇ ಓದಿ, ಹೆಂಡತಿಗೆ ಕೇಳಿಸಬೇಕೆಂಬ ಹಂಬಲ ಅವನಿಗೆ. ಅತ್ತಿಗೆಗೆ ಕಣ್ಣಿನ ರೆಟಿನಾ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ದಿನಗಟ್ಟಲೆ ಬೋರಲು ಮಲಗಿರಬೇಕು. ಓದುವ ಹಾಗಿಲ್ಲ, ಟೀವಿ ನೋಡುವ ಹಾಗಿಲ್ಲ. ಆದರೆ ಅವಳು ಷರತ್ತು ಹಾಕಿದ್ದಳು.

“ನಿಮ್ಮ ಮಾತು ಮನೇಲಿ ಬೇಕಾದಷ್ಟು ಕೇಳಿದೀನಿ. ಎಲ್ಲರ ಪುಸ್ತಕದ ಹಾಗೆ ಇದೂ ಹೊರಗೆ ಬರ್ಲಿ, ಆಗ ಕೇಳ್ತೀನಿ.”

ಎಲ್ಲಿ ಬರುತ್ತೆ ಬಿಡು ಎಂಬ ಧೈರ್ಯ ಅವಳದು.

ಅಣ್ಣನ ಮಾನ ಉಳಿಸಲು ಶ್ ಚಿಕ್ಕಮ್ಮ ಹಟಕ್ಕೆ ಬಿದ್ದಳು. ರಜಾಯಿಯ ಕೋಣೆಯಲ್ಲಿ ಅವನನ್ನು ಕೂರಿಸಿ ಓದಿಸಿದಳು. ವಾಕ್ಯಗಳ ನಡುವಿನ ಉಸಿರು, ಗೊರಗೊರ, ತುಟಿ ಚಪ್ಪರಿಸಿದ್ದು ಒಂದನ್ನೂ ಬಿಡದೆ ಕತ್ತರಿಸಿ, ಆ ಜಾಗವನ್ನೆಲ್ಲ ಖಾಲಿ ಬಿಟ್ಟಳು. ಇಷ್ಟು ಚೊಕ್ಕ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ ಎಂದು ಬೀಗಿದಳು. ಪುಸ್ತಕ ಇಡಿಯಾಗಿ ವಾಪಸ್ ಬಂತು! ಮಾತಿನ ನಡುವೆ ಫೋನು ಕಟ್ಟಾದಂತೆ ಸದ್ದು ಸತ್ತುಹೋಗುತ್ತಿದೆ, ಓದಿದ ಕೋಣೆಯದೇ ನಿಶ್ಶಬ್ದ ತುಂಬಿ ಕಳಿಸಿ ಎಂದು ಆ್ಯಪ್‌ನವರು ಬರೆದಿದ್ದರು. ಕಸ ಗುಡಿಸುವ ಭರದಲ್ಲಿ ಮಹಾತಾಯಿ ನೆಲವನ್ನೇ ಕಿತ್ತುಹಾಕಿದ್ದಳು.

ನಿಶ್ಶಬ್ದವನ್ನೂ ರೆಕಾರ್ಡ್ ಮಾಡಬೇಕು. ಓದಿದವನು ಮೈಕಿನ ಮುಂದೆ ಕೂತೇ ಇರಬೇಕು, ಖಾಲಿ ಕೋಣೆಯ ನಿಶ್ಶಬ್ದ ಅವನ ಧ್ವನಿಗೆ ಹೊಂದುವುದಿಲ್ಲ.

“ಅಣ್ಣಾ, ಒಂದೇ ಒಂದು ನಿಮಿಷ ಮೌನ.”

“ನಾನಿನ್ನೂ ಸತ್ತಿಲ್ವಲ್ಲೇ!”

“ಶ್!”

ಕೆಂಪು ದೀಪ ಹತ್ತಿತು. “ಶುರು ಆಯ್ತಾ?” ಎಂದ. ಅಳಿಸಿ ಮತ್ತೆ ಹಚ್ಚಿದಳು. “ಚೆನ್ನಾಗಿ ಬರ್ತಿದೆಯಾ?” ಎಂದ. ಇನ್ನೊಮ್ಮೆ ಹಚ್ಚಿದಳು. “ಆ ಡಾಕ್ಟರು ಚಿಕ್ಕ ಹುಡುಗನ ಹಾಗೆ ಕಾಣ್ತಾನೆ ಕಣೇ, ಕೈ ಏನಾದ್ರೂ ನಡುಗಿದ್ರೆ?” ಎಂದ.

ಆಗ ಅವಳಿಗೆ ಹೊಳೆಯಿತು. ಆಪರೇಷನ್ನಿನ ದಿನ ಗೊತ್ತಾದಾಗಿನಿಂದ ಇವನ ಬಾಯಿ ಎಂದಿಗಿಂತ ಜೋರಾಗಿ ನಡೆಯುತ್ತಿತ್ತು. ಹೆದರಿ ಒದ್ದಾಡುತ್ತಿದ್ದಾನೆ. ಪಾಪ ಅನಿಸಿತು. ಆದರೆ ಪಾಪ ಅಂದುಕೊಂಡರೆ ಫೈಲು ಪಾಸಾಗುತ್ತದೆಯೇ?

“ಅತ್ತಿಗೆ, ಸ್ವಲ್ಪ ಬನ್ನಿ ಇಲ್ಲಿ,” ಎಂದು ಕೂಗಿದಳು.

ಅಣ್ಣನ ಜೊತೆ ಬಂದು ಹಜಾರದಲ್ಲಿ ಕೂತಿದ್ದ ಅತ್ತಿಗೆ ಗೋಡೆ ಸವರುತ್ತ ಬಂದು, ಗಂಡನ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಕೈ ಕೊಡಿ,” ಎಂದಳು ಗಂಡನಿಗೆ.

ಕೊಟ್ಟ. ಕೆಂಪು ದೀಪ ಹತ್ತಿತು. ಅಣ್ಣ ಬಾಯಿ ತೆರೆದ, ಮುಚ್ಚಿದ. ನಿಮಿಷ ಕಳೆದರೂ ಶ್ ಚಿಕ್ಕಮ್ಮನಿಗೆ ದೀಪ ಆರಿಸುವ ಮನಸ್ಸಾಗಲಿಲ್ಲ. ಅಳು ಬಂದಿತ್ತು, ಮೂಗು ಎಳೆದರೆ ಸದ್ದಾದೀತೆಂದು ಹಾಗೇ ಸೋರಲು ಬಿಟ್ಟಳು.

ಆ ನಿಶ್ಶಬ್ದವನ್ನು ಚೂರು ಚೂರು ಮಾಡಿ ವಾಕ್ಯಗಳ ನಡುವೆ, ಅಧ್ಯಾಯಗಳ ಮೊದಲಿಗೆ, ಕೊನೆಗೆ ಎಲ್ಲ ಕಡೆ ಸೇರಿಸಿದಳು. ಪುಸ್ತಕ ಪಾಸಾಗಿ ಹೊರಗೆ ಬಂತು. ಅತ್ತಿಗೆಯ ಆಪರೇಷನ್ನೂ ಸುಸೂತ್ರವಾಗಿ ಮುಗಿಯಿತು. ಷರತ್ತಿನ ಪ್ರಕಾರ ಬೋರಲು ಮಲಗಿ ಕೇಳಲೇಬೇಕಾಯಿತು. ಮೊದಲ ಅಧ್ಯಾಯ ಮುಗಿಯುವುದನ್ನೇ ಕಾದಿದ್ದ ಅಣ್ಣ, “ಹೇಗಿದೆ?” ಎಂದು ಬಗ್ಗಿದ.

“ಬಸ್ಸಿನ ಕಥೆ ಎಲ್ಲ ಗೊತ್ತಿರೋದೇ,” ಎಂದಳು ದಿಂಬಿನೊಳಗಿಂದಲೇ. “ಆದ್ರೆ ನಡುನಡುವೆ ಸುಮ್ಮನಾಗ್ತೀರಲ್ಲ, ಆಗ ಪಕ್ಕದಲ್ಲಿ ನಾನೂ ಕೂತಿದೀನಿ. ಅದನ್ನ ಇನ್ನೊಂದ್ಸಲ ಹಾಕಿ.”

ಅಣ್ಣ ಏನೋ ಹೇಳಲು ಬಾಯಿ ತೆರೆದ. ಹೇಳದೆ ಅವಳ ಕೈಗೆ ತನ್ನ ಕೈ ಕೊಟ್ಟ.