ವರ್ನಾ ಪ್ಯಾಸ್ಕೋ ಕ್ಯಾರವಾನ್ ಹುಡುಕಿದ್ದು

ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಅಗಸ್ಟಾದಲ್ಲಿ ನಮ್ಮ ಬೇಲಿಯ ಆಚೆ ಮನೆ ವರ್ನಾ ಪ್ಯಾಸ್ಕೋಳದು. ಮೂವತ್ತೊಂದು ವರ್ಷ ಕುರಿಯ ಉಣ್ಣೆ ಕತ್ತರಿಸುವ ತಂಡಗಳ ಜೊತೆ ಅಲೆದು, ದಿನಕ್ಕೆ ಐದು ಹೊತ್ತು, ಹದಿನೈದು ಇಪ್ಪತ್ತು ಗಂಡಸರಿಗೆ ಬೇಯಿಸಿ ಹಾಕಿದವಳು. ಗಂಡ ಇದ್ದನೇ ಎಂದು ಯಾರಾದರೂ ಕೇಳಿದರೆ, "ಇದ್ದ, ಹದಿನಾಲ್ಕು ತಿಂಗಳು" ಎಂದು ಮೂಗು ಮುರಿದು ಮಾತು ಮುಗಿಸುತ್ತಿದ್ದಳು. ಆ ಮೂಗೇ ಅವಳ ಕಸುಬು. ಮುಚ್ಚಿದ ಡಬ್ಬದೊಳಗಿನ ಹಾಲು ಒಡೆದಿದ್ದರೆ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ, ಯುಂಟಾ ಕಡೆಯ ಜಮೀನೊಂದರಲ್ಲಿ, ಅಲ್ಲಿಯ ಧಣಿ ಅಂಚು ಹಸಿರಾದ ಕುರಿಯ ತೊಡೆ ಕಳಿಸಿ, "ಮಸಾಲೆ ಪುಡಿ ಜಾಸ್ತಿ ಹಾಕು, ಯಾರಿಗೂ ಗೊತ್ತಾಗಲ್ಲ" ಎಂದನಂತೆ. ವರ್ನಾ ಆ ಮಾಂಸವನ್ನು ಹೊತ್ತುಕೊಂಡು ಹೋಗಿ ಅವನ ಮನೆಯ ಜಗುಲಿಯ ಬಾಗಿಲಿಗೇ ನೇತುಹಾಕಿ ಬಂದು, ತಂಡದವರಿಗೆ ಇವತ್ತು ಊಟ ಇಲ್ಲ ಎಂದಳು. ಎಲ್ಲರೂ ಕತ್ತರಿ ಕೆಳಗಿಟ್ಟರು. ಮೊದಲು ಇಟ್ಟವನು ಮೆರ್ವ್ ಡಾಲ್ಟನ್. "ಕುಕಿ ಬೇಡ ಅಂದ್ಮೇಲೆ ಮುಗೀತು" ಎಂದನಂತೆ. ಅಡುಗೆಯವಳು ಎಂಬ ಅರ್ಥದಲ್ಲಿ ತಂಡದವರೆಲ್ಲ ಅವಳನ್ನು ಕುಕಿ ಎಂದೇ ಕರೆಯುತ್ತಿದ್ದರು. ಸಂಜೆಯೊಳಗೆ ಹೊಸ ಕುರಿ ಬಂತು.

ಅರವತ್ತೊಂಬತ್ತಕ್ಕೆ ವರ್ನಾ ಸೌಟು ಬಿಟ್ಟಳು. ಬಿಟ್ಟ ವಾರಕ್ಕೇ ಬೇಲಿಯ ಬಳಿ ಬಂದು, "ಕೀತ್, ನನಗೊಂದು ಕ್ಯಾರವಾನ್ ಬೇಕು. ಊಡ್ನಡಾಟದ ಮಣ್ಣು ದಾರಿ ಹಿಡಿದು ಆಲಿಸ್ ಊರಿಗೆ, ಅಲ್ಲಿಂದ ಟನಮಿ ಮರುಭೂಮಿ ದಾಟಿ ಕಿಂಬರ್ಲಿಗೆ. ಐದು ತಿಂಗಳು ಮನೆಗೆ ಬರಲ್ಲ" ಎಂದಳು.

"ಒಬ್ಬಳೇನಾ?"

"ಇನ್ನೊಬ್ಬರು ಬಂದ್ರೆ ಅವರಿಗೂ ಬೇಯಿಸಬೇಕಲ್ಲ!"

ನಾನು ಲಾರಿಗಳ ಸ್ಪ್ರಿಂಗು ಆಕ್ಸಲ್ಲು ರಿಪೇರಿ ಮಾಡಿ ನಿವೃತ್ತನಾದವನು. ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಯಂಥ ವ್ಯಾನು; ಅದರ ಅಡಿ ನೋಡುವುದು ನನಗೆ, ಒಳಗು ನೋಡುವುದು ಅವಳಿಗೆ ಎಂದು ಒಪ್ಪಂದವಾಯಿತು.

ಮೊದಲು ಅಡಿಲೇಡಿನ ಮಾರಾಟದ ಅಂಗಳಕ್ಕೆ ಹೋದೆವು. ಚೂಪು ಬೂಟಿನ ಮಾರಾಟಗಾರ ಅವಳನ್ನು ಬಿಟ್ಟು ನನ್ನ ಕೈ ಕುಲುಕಿದ. "ಅಡುಗೆಮನೆ ಮೇಡಂಗೆ ತುಂಬ ಇಷ್ಟ ಆಗುತ್ತೆ ಸರ್" ಎಂದ. ವ್ಯಾನಿನ ಪಕ್ಕೆಯ ಮೇಲೆ 'ಮರುಭೂಮಿ ವೀರ' ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದಿತ್ತು. ಒಳಗೆ ಬಟ್ಟೆ ಒಗೆಯುವ ಯಂತ್ರ, ಎರಡು ಟಿವಿ, ವೈನ್ ಲೋಟ ನೇತುಹಾಕುವ ಕೊಂಡಿಗಳು. ನಾನು ಬೆನ್ನಿನ ಮೇಲೆ ತೆವಳಿ ಅಡಿಗೆ ಹೋದೆ. ನೀರಿನ ಕೊಳವೆ ಆಕ್ಸಲ್ಲಿಗಿಂತ ಕೆಳಗೆ ಜೋತಾಡುತ್ತಿತ್ತು. ಮೊದಲ ಕಲ್ಲಿಗೇ ಹೋಗುವಂಥದು. ಹೊರಗೆ ಬರುವಷ್ಟರಲ್ಲಿ ಒಂದು ಡ್ರಾಯರಿನ ಮುಖ ವರ್ನಾಳ ಕೈಯಲ್ಲಿತ್ತು. ಎಳೆದದ್ದಕ್ಕೇ ಕಿತ್ತು ಬಂದಿತ್ತು. ಒಳಗೆ ಅಂಟಿಸಿದ ಮರದ ಹೊಟ್ಟು, ನಾಲ್ಕು ಸ್ಟೇಪಲ್ ಪಿನ್ನು.

"ಅದು ಪ್ರದರ್ಶನದ ಪೀಸು ಮೇಡಂ. ವಾರಂಟಿ ಇದೆ, ಯೋಚನೆ ಮಾಡ್ಬೇಡಿ."

"ಡಾಂಬರು ಬಿಟ್ಟು ಕೆಳಗಿಳಿದ್ರೂ ಇರುತ್ತಾ?"

ಅವನು ಕಾಗದ ತಿರುವಿದ. ಮತ್ತೆ ತಿರುವಿದ. ಮಣ್ಣಿನ ರಸ್ತೆಗೆ ವಾರಂಟಿ ಇರಲಿಲ್ಲ.

"ಹೊರಗಡೆ ಮರುಭೂಮಿ ವೀರ ಅಂತ ಬರೀತೀರ, ಒಳಗಡೆ ಮರುಭೂಮಿಗೆ ಹೋಗ್ಬೇಡಿ ಅಂತ ಬರೀತೀರ. ನಾಚಿಕೆ ಆಗಲ್ವೇನಪ್ಪ?" ಎಂದು ಡ್ರಾಯರಿನ ಮುಖವನ್ನು ಅವನ ಕೈಗೆ ಕೊಟ್ಟು ಇಳಿದಳು. ಮುನ್ನೂರು ಕಿಲೋಮೀಟರ್ ದಾರಿಯುದ್ದಕ್ಕೂ "ಸ್ಟೇಪಲ್ ಪಿನ್ನು! ಥೂ!" ಎನ್ನುತ್ತಲೇ ಬಂದಳು.

ಅದಾದ ಹತ್ತು ದಿನಕ್ಕೆ ಮೆರ್ವ್ ಡಾಲ್ಟನ್ ಫೋನು ಮಾಡಿದ. ಅವನೀಗ ವಯಾಲಾದಲ್ಲಿದ್ದ. ಅವನ ಬಳಿ ಒಂದು ವ್ಯಾನಿದೆಯಂತೆ, ದೇಶವನ್ನೆಲ್ಲ ಒಂದು ಸುತ್ತು ಹಾಕಿ ಬಂದದ್ದಂತೆ, ಬೇರೆಯವರಿಗೆ ಕೊಡುವ ಮುಂಚೆ ಕುಕಿಗೆ ತೋರಿಸೋಣ ಅನ್ನಿಸಿತಂತೆ. ವರ್ನಾಳ ಮುಖ ಅರಳಿತು. ಅವನಿಗೆ ಇಷ್ಟವೆಂದು ಬೆಳಿಗ್ಗೆಯೇ ಎದ್ದು ಹಿಟ್ಟಿನ ಹೊದಿಕೆಯೊಳಗೆ ಮಾಂಸ ತುಂಬಿದ ಪೇಸ್ಟಿ ಸುಟ್ಟು, ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಾರು ಹತ್ತಿದಳು.

ಮೆರ್ವ್ ಅವಳನ್ನು ಅಪ್ಪಿಕೊಂಡ. ಪೇಸ್ಟಿಯನ್ನು ಅಲ್ಲೇ ನಿಂತು ತಿಂದ. ವ್ಯಾನು ಹೊರಗಿನಿಂದ ಚೆನ್ನಾಗಿಯೇ ಇತ್ತು. ಬಾಗಿಲು ತೆಗೆದದ್ದೇ ವರ್ನಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಒಳಗೆ ನಾಲ್ಕು ಕಡೆ ಸುವಾಸನೆಯ ಬಿಲ್ಲೆಗಳು ತೂಗಾಡುತ್ತಿದ್ದವು.

"ಇಷ್ಟೊಂದು ಸೆಂಟು ಯಾಕೆ ಮೆರ್ವ್?"

"ನನ್ನವಳಿಗೆ ಅದೊಂದು ಹುಚ್ಚು."

ಅವಳು ಒಳಗೆ ಹೋಗಿ, ಹಾಸಿಗೆ ಎತ್ತಿ, ತಲೆದಿಂಬಿನ ಕಡೆಯ ಮೂಲೆಯಲ್ಲಿ ಗೋಡೆಗೆ ಹೊಸದಾಗಿ ಅಂಟಿಸಿದ್ದ ಹಾಳೆಯ ಮೇಲೆ ಹೆಬ್ಬೆರಳು ಒತ್ತಿದಳು. ನೆನೆದ ಬ್ರೆಡ್ಡಿಗೆ ಒತ್ತಿದಂತೆ ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು. ಕಂದು ನೀರು ಜಿನುಗಿ ಅವಳ ಮಣಿಕಟ್ಟಿಗೆ ಇಳಿಯಿತು. ಅವಳು ಹಾಳೆಯನ್ನೇ ಸುಲಿದಳು. ಹಿಂದಿನ ಮರ ಕರ್ರಗೆ ಕೊಳೆತು, ಬಿಳಿ ಬೂಷ್ಟು ಕೂದಲಿನ ಹಾಗೆ ಬೆಳೆದಿತ್ತು. ನಡುವೆ ಇಲಿಯೊಂದು ಗೂಡು ಸಮೇತ ಸತ್ತು ಒಣಗಿತ್ತು. ನಾನು ಅಡಿಗೆ ಹೋಗಿ ನೋಡಿದರೆ ಎಳೆಯುವ ಕಂಬಿಯ ಬುಡದಲ್ಲಿ ಬಿರುಕು. ಅದಕ್ಕೆ ಬೆಸುಗೆ ಹಾಕಿ ಮೇಲೆ ಕಪ್ಪು ಬಣ್ಣ ಬಳಿದಿದ್ದರು.

"ನಿನಗೆ ಗೊತ್ತಿತ್ತು" ಎಂದಳು ವರ್ನಾ.

"ನಾಲ್ಕು ಹನಿ ಸೋರಿರಬಹುದು ಕುಕಿ. ಹಳೇ ವ್ಯಾನು ಅಂದ್ಮೇಲೆ..."

"ಹನ್ನೊಂದು ವರ್ಷ ನನ್ನ ಕೈಯಲ್ಲಿ ಉಂಡಿದೀಯ ಮೆರ್ವ್."

"ಅದಕ್ಕೇ ನಿನಗೆ ಎರಡು ಸಾವಿರ ಡಾಲರ್ ಕಡಿಮೆ ಹೇಳಿದ್ದು!"

ಅವನು ಅದನ್ನು ತಮಾಷೆಗೆ ಹೇಳಲಿಲ್ಲ. ನಿಜವಾಗಿಯೂ ಉಪಕಾರ ಮಾಡಿದ್ದೇನೆ ಎಂಬ ಮುಖವಿತ್ತು. ಅವನ ಮೀಸೆಯ ಮೇಲೆ ಪೇಸ್ಟಿಯ ಚೂರು ಇನ್ನೂ ಅಂಟಿಕೊಂಡಿತ್ತು. ವರ್ನಾ ಅದನ್ನೇ ನೋಡುತ್ತ ನಿಂತಳು.

"ನಿನಗೆ ಬೇಡ ಅಂದ್ರೆ ಬಿಡು. ಹನ್ನೊಂದು ಗಂಟೆಗೆ ಅಡಿಲೇಡಿನವರು ಯಾರೋ ಬರ್ತಿದಾರೆ. ಅವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ?" ಎಂದ ಮೆರ್ವ್.

ನಾನು ಕಾರಿನ ಕಡೆ ನಡೆದೆ. ವರ್ನಾ ಬರಲಿಲ್ಲ. ವ್ಯಾನಿನ ಮೆಟ್ಟಿಲ ಮೇಲೆ ಕುಳಿತು, ಕೈಚೀಲವನ್ನು ಮಂಡಿಯ ಮೇಲಿಟ್ಟುಕೊಂಡಳು.

"ಇದು ನನ್ನ ಜಾಗ ಕಣೇ. ಎದ್ದೇಳು!"

"ಎತ್ತಿ ಹಾಕು, ನೋಡೋಣ."

ಮುಕ್ಕಾಲು ಗಂಟೆ ಅವಳು ಹಾಗೆಯೇ ಕುಳಿತಿದ್ದಳು. ಮೆರ್ವ್ ಬೈದ, ಬೇಡಿಕೊಂಡ, ಹಳೆಯ ದಿನಗಳ ಮಾತು ತೆಗೆದ. ಅವಳು ಅವನ ಕಡೆ ತಿರುಗಲಿಲ್ಲ. ಅಡಿಲೇಡಿನವರು ಬಂದರು. ಗಂಡ, ಹೆಂಡತಿ, ಹೆಂಡತಿಯ ಹೆಗಲ ಮೇಲೆ ಆರೇಳು ತಿಂಗಳ ಕೂಸು. ಮೆರ್ವ್ ನಗುತ್ತ ಮುಂದೆ ಬರುವಷ್ಟರಲ್ಲಿ ವರ್ನಾ ಎದ್ದು ನಿಂತು, "ಮಗೂನ ಒಳಗೆ ಕರ್ಕೊಂಡು ಬರ್ಬೇಡಮ್ಮ, ಆ ಗಾಳಿ ಒಳ್ಳೇದಲ್ಲ. ನೀನು ಬಾರಪ್ಪ, ಇಲ್ಲಿ ಕೈ ಇಡು" ಎಂದು ಕೂಸಿನ ತಂದೆಯ ಕೈ ಹಿಡಿದು ಮೂಲೆಗೆ ಕರೆದೊಯ್ದಳು. ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಐದು ನಿಮಿಷಕ್ಕೆ ಅವರ ಕಾರು ಹೊರಟುಹೋಯಿತು.

"ಹಾಳು ಮುದುಕಿ!" ಎಂದು ಮೆರ್ವ್ ಬೀದಿಯವರೆಗೂ ಕೂಗುತ್ತ ಬಂದ.

ದಾರಿಯಲ್ಲಿ ಅವಳು ಎರಡು ಸಲ ನನ್ನಿಂದ ಕಾರು ನಿಲ್ಲಿಸಿಸಿ ಹೆಬ್ಬೆರಳು ತೊಳೆದಳು. ಮನೆಗೆ ಬಂದ ಮೇಲೂ ಸೋಪು ಹಾಕಿ ಉಜ್ಜುತ್ತಿದ್ದುದು ಬೇಲಿಯ ಈಚೆಯಿಂದ ಕಾಣುತ್ತಿತ್ತು. "ಆ ಪೇಸ್ಟಿ ತಿನ್ಬಾರ್ದಿತ್ತು ಅವನು" ಎಂದಳು ನನ್ನನ್ನು ನೋಡಿ. "ಮಾರೋದು ಮಾರ್ಲಿ, ತಿನ್ಬಾರ್ದಿತ್ತು."

ಆಮೇಲೆ ಒಂದು ತಿಂಗಳು ಅವಳು ವ್ಯಾನಿನ ಮಾತೇ ಎತ್ತಲಿಲ್ಲ. ಕೊನೆಗೆ ಹಾಕರ್ ಎಂಬ ಊರಿನ ಹತ್ತಿರದ ಒಂದು ಹೊಲದಲ್ಲಿ ರಸ್ತೆ ಕೆಲಸದವರ ಹಳೆಯ ವಸತಿ ವ್ಯಾನು ಮಾರಾಟಕ್ಕಿದೆ ಎಂದು ನನಗೆ ಸುದ್ದಿ ಸಿಕ್ಕಿತು. ಮಣ್ಣಿನ ರಸ್ತೆ ಸಮ ಮಾಡುವ ಗ್ರೇಡರಿನ ಹಿಂದೆ ಕಟ್ಟಿಕೊಂಡು ಇಪ್ಪತ್ತು ವರ್ಷ ಎಳೆದದ್ದು. ಅದರ ಗಲೀಜನ್ನು ಏನೆಂದು ಹೇಳಲಿ! ಒಲೆಯ ಹಿಂದೆ ಕುರಿಕೊಬ್ಬು ಬೆರಳು ದಪ್ಪ ಹೆಪ್ಪುಗಟ್ಟಿತ್ತು, ಅದರ ತುಂಬ ನೊಣಗಳು. ಡ್ರಾಯರಿನಲ್ಲಿ ಯಾರೋ ಕತ್ತರಿಸಿ ಬಿಟ್ಟ ಕಾಲಿನ ಉಗುರುಗಳು. ಹಾಸಿಗೆಯ ಮೇಲೆ ಮನುಷ್ಯನ ಆಕಾರದ ಬೆವರಿನ ಕಲೆ.

"ಅಯ್ಯೋ ದೇವರೇ, ಇವರನ್ನ ಹೆತ್ತವರು ಇದನ್ನ ನೋಡಿದಾರಾ!" ಎಂದು ವರ್ನಾ ಹೊರಗೆ ಓಡಿ ಬಂದು ಓಕರಿಸಿದಳು. ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋದಳು. ನಾಲ್ಕೂ ಮೂಲೆ ಒತ್ತಿದಳು, ಮೂಸಿದಳು. "ಕೀತ್, ಒಣಗಿದೆ ಕಣೋ. ಬರೀ ಕೊಳೆ. ಕೊಳೆತಿಲ್ಲ."

ಅಡಿಯೂ ಗಟ್ಟಿಯಾಗಿತ್ತು. ಲಾರಿಗೆ ಹಾಕುವಂಥ ಸ್ಪ್ರಿಂಗು, ದಪ್ಪ ಕಬ್ಬಿಣ, ಕೊಳವೆಗಳೆಲ್ಲ ಮೇಲೆ. ಆದರೂ ಅವಳು ನಂಬಲಿಲ್ಲ. ನನ್ನ ಕೈಯಲ್ಲಿ ಅರ್ಧ ಗಂಟೆ ಮಾಡಿನ ಮೇಲೆ ನೀರು ಬಿಡಿಸಿ ತಾನು ಒಳಗೆ ಕುಳಿತಳು. ಆಮೇಲೆ ತಂದಿದ್ದ ಬಿಳಿ ದುಪ್ಪಟಿಗಳನ್ನು ಒಳಗೆಲ್ಲ ಹಾಸಿ, ಉಬ್ಬುತಗ್ಗಿನ ಮಣ್ಣು ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಎಳೆಸಿದಳು. ಬಾಗಿಲ ಬಳಿ ಒಂದು ಹಿಡಿ ಧೂಳು ಬಿದ್ದಿತ್ತು, ಅಷ್ಟೇ. ಅಲ್ಲೇ ವ್ಯಾಪಾರ ಮುಗಿಸಿದಳು.

ತೊಳೆಯಲು ಆರು ದಿನ ಹಿಡಿಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಂಡು ಕೇಳರಿಯದ ಆ ಗಂಡಸರಿಗೆ ಶಾಪ ಹಾಕುತ್ತ, ಕೊಬ್ಬನ್ನು ಕರಣೆಯಿಂದ ಕೆರೆದು ತೆಗೆದಳು. ಹಾಸಿಗೆಯನ್ನು ಅಂಗಳದಲ್ಲೇ ಸುಟ್ಟಳು. ಮೇ ತಿಂಗಳ ಎರಡನೇ ಸೋಮವಾರ ಹೊರಟಳು.

ಊಡ್ನಡಾಟದಿಂದ ಅವಳ ಫೋನು ಬಂತು. ಪ್ರವಾಸಿಗಳು ಬಿಡಾರ ಹೂಡಿದ ಕಡೆಯೆಲ್ಲ ಪೊದೆಗಳ ಹಿಂದೆ ಶೌಚದ ಕಾಗದ ಎಸೆದು ಹೋಗಿದ್ದಾರಂತೆ. ಇವಳು ಇಕ್ಕಳ ಹಿಡಿದು ಎರಡು ಚೀಲ ಹೆಕ್ಕಿದಳಂತೆ. "ಬೆಕ್ಕಾದ್ರೂ ಮಣ್ಣು ಮುಚ್ಚುತ್ತೆ!" ಎಂದಳು. ವ್ಯಾನು ಹೇಗಿದೆ ಎಂದರೆ, "ಅದಕ್ಕೇನು, ಗುಂಡುಕಲ್ಲು" ಎಂದಳು.

ಮಾತಿನ ನಡುವೆ ನಾನು ಹೇಳಿಬಿಟ್ಟೆ. ಮೆರ್ವ್ ತನ್ನ ವ್ಯಾನನ್ನು ಮಾರಿದನಂತೆ.

"ಯಾರಿಗೆ?"

"ಮರ್ರೆ ನದಿ ಕಡೆ ಕಿತ್ತಳೆ ತೋಟದವನೊಬ್ಬನಿಗೆ. ಹಣ್ಣು ಕೀಳೋರನ್ನ ಇಡೋಕೆ."

"ಸೋರುತ್ತೆ ಅಂತ ಅವನಿಗೆ ಗೊತ್ತಾ?"

"ಗೊತ್ತಂತೆ. ಅದಕ್ಕೇ ಅಗ್ಗಕ್ಕೆ ಸಿಕ್ತು ಅಂತ ಹೇಳ್ಕೊಂಡು ತಿರುಗ್ತಿದಾನೆ."

ವರ್ನಾ ಉಗಿದದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಆ ತೋಟ ಎಲ್ಲಿದೆ, ಸರಿಯಾಗಿ ವಿಚಾರಿಸಿ ಬರೆದಿಡು" ಎಂದಳು. "ಅಕ್ಟೋಬರಲ್ಲಿ ವಾಪಸ್ ಬರೋವಾಗ ಆ ಕಡೆಯಿಂದಲೇ ಬರ್ತೀನಿ."