ಕೊನೆಯ ಮನೆ ನಮ್ಮದು

"ಊಟಕ್ಕೆ ಇನ್ನೊಂದ್ಸಲ ಖಂಡಿತ ಬರ್ತೇವೆ" ಎಂದವರನ್ನು ನಾನು ನಂಬುವುದಿಲ್ಲ. ಭಟ್ಕಳದ ನವಾಯತ ಮುಸಲ್ಮಾನರ ಕೇರಿಯಲ್ಲಿ ಹುಟ್ಟಿ, ಬೇರೆ ಕೇರಿಯವರ ಜೊತೆ ಮಾಸ್ತರಿಕೆ ಮಾಡಿದವನಿಗೆ ಈ ಅನುಮಾನ ತಾನಾಗಿ ಬರುತ್ತದೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಮ್ಮ ಶಾಲೆಯ ಹೆಡ್ಮಾಸ್ತರರಿಗೆ ಕುಮಟೆಗೆ ವರ್ಗವಾಯಿತು. ಹೊನ್ನಾವರ ಕಡೆಯ ಹವ್ಯಕ ಬ್ರಾಹ್ಮಣರು ಅವರು. ಬೀಳ್ಕೊಡುಗೆಯ ಊಟ ನಮ್ಮ ನಮ್ಮ ಮನೆಯಲ್ಲೇ ಆಗಬೇಕೆಂದು ಮೂವರು ಮಾಸ್ತರರೂ ಹಟ ಹಿಡಿದೆವು: ಗಣಿತ ಕಲಿಸುವ ಕೊಂಕಣಿಗರು, ನಾಮಧಾರಿಗಳಾದ ಡ್ರಿಲ್ ಮಾಸ್ತರರು, ನಾನು. ಡ್ರಿಲ್ ಮಾಸ್ತರರೇ ದಾರಿ ಹುಡುಕಿದರು. ಒಂದೇ ಸಂಜೆ ಮೂರೂ ಕೇರಿ ತಿರುಗುವುದು, ಒಂದೊಂದು ಮನೆಯಲ್ಲಿ ಸ್ವಲ್ಪ ಸ್ವಲ್ಪ ತಿನ್ನುವುದು.

"ಆತು," ಅಂದರು ಹೆಡ್ಮಾಸ್ತರರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವ್ರ ಮನೆ ಕಡೆಗಿರ್ಲಿ" ಎಂದರು.

ನನ್ನ ಕಿವಿ ನೆಟ್ಟಗಾಯಿತು. ಕಡೆಗೆ ಯಾಕೆ? ಎರಡು ಮನೆಯಲ್ಲಿ ತಿಂದು ಬಂದು, ಹೊಟ್ಟೆ ಸವರಿಕೊಂಡು "ಇನ್ನು ಜಾಗ ಇಲ್ಲ ಮಾರಾಯ್ರೆ" ಎನ್ನುವುದಕ್ಕೆ, ಮತ್ತೆಂತಕ್ಕೆ? ಇಷ್ಟು ವರ್ಷ ಈದಿಗೆ ನಾವು ಅವರ ಮನೆಗೆ ಕಳಿಸಿದ್ದು ಅಕ್ಕಿ, ಬೆಲ್ಲ, ತೆಂಗಿನಕಾಯಿ. ಬೇಯಿಸಿದ್ದು ಒಂದು ತುತ್ತೂ ಹೋಗಿರಲಿಲ್ಲ. ಕಳಿಸಬೇಡಿ ಎಂದು ಯಾರೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

"ಮೊದಲು ನಮ್ಮಲ್ಲೇ ಬನ್ನಿ ಮಾಸ್ತರೇ," ಎಂದೆ.

"ಬೇಡ, ಕಡೆಗೇ." ಕಾರಣ ಹೇಳಲಿಲ್ಲ.

ನನ್ನ ತಂದೆ ತೀರಿಕೊಂಡಾಗ ದಿನವೂ ಬಂದು ನಮ್ಮ ಜಗಲಿಯಲ್ಲಿ ಸುಮ್ಮನೆ ಕೂತು ಹೋದವರು ಅವರು. ಊರು ಬಿಡುವ ಮೊದಲು ಒಮ್ಮೆ ಅವರು ತನ್ನ ಕೈಯ ಅಡುಗೆ ಉಣ್ಣಬೇಕೆಂಬುದು ತಾಯಿಯ ಆಸೆ. ನನಗೋ ಅವಳಿಗೆ ಅವಮಾನವಾದೀತೆಂಬ ಭಯ. ಹೋಟೆಲಿನ ಭಟ್ಟರನ್ನು ಕರೆಸೋಣ ಎಂದೆ.

"ಭಟ್ಟರ ಅಡುಗೆ ಉಣ್ಲಿಕ್ಕೆ ಅವರು ನಮ್ಮ ಮನೆಗೆ ಬರಬೇಕಾ?" ಎಂದು ತಾಯಿ ನವಾಯತಿಯಲ್ಲಿ ಗದರಿದಳು. ಹೊಸ ಮಡಕೆ ತರಿಸಿದಳು. ಮಾಂಸವಿಲ್ಲ, ಮೊಟ್ಟೆಯಿಲ್ಲ. ಅಕ್ಕಿರೊಟ್ಟಿ, ಕಾಯಿ ಅರೆದ ಬದನೆ ಗಸಿ, ಶಾವಿಗೆಗೆ ಬೆಲ್ಲ ಹಾಕಿದ ತೆಂಗಿನಹಾಲು.

ಆ ಸಂಜೆ ನಾನು ಏನು ತಿಂದೆನೋ ನೆನಪಿಲ್ಲ, ಅವರ ಬಾಯನ್ನೇ ನೋಡುತ್ತಿದ್ದೆ. ಕೊಂಕಣಿಗರ ಮನೆಯಲ್ಲಿ ಪತ್ರೊಡೆಯ ಒಂದು ತುಂಡು ಮುರಿದು ಕೈ ತೊಳೆದರು. ಡ್ರಿಲ್ ಮಾಸ್ತರರ ಅಂಗಳದಲ್ಲಿ ಎಳನೀರು ಕುಡಿದು ಸಾಕೆಂದರು. ಇವರು ಎಲ್ಲಿಯೂ ತಿನ್ನುವವರಲ್ಲ, ನಮ್ಮಲ್ಲಂತೂ ನೀರೂ ಮುಟ್ಟಲಾರರು ಎಂದುಕೊಂಡೆ.

ನಮ್ಮ ಮನೆಯಲ್ಲಿ ಉಳಿದಿಬ್ಬರು ಮಾಸ್ತರರು ಬಾಳೆಹಣ್ಣು ಸುಲಿದು ತಿಂದು, ಹೊಟ್ಟೆ ತುಂಬಿದೆಯೆಂದು ಹೊರಟರು. ಹೆಡ್ಮಾಸ್ತರರು ಮಾತ್ರ ಚಕ್ಕಳಮಕ್ಕಳ ಹಾಕಿ ಕೂತರು.

"ಎಲೆ ಹಾಕಿ. ಹಸಿವೆ ತಡೀಲಿಕ್ಕೆ ಆಗ್ತಿಲ್ಲೆ."

ರೊಟ್ಟಿ ಮುಗಿಸಿ ಶಾವಿಗೆಯನ್ನು ಇನ್ನೊಮ್ಮೆ ಬಡಿಸಿಕೊಂಡರು. ಪರದೆಯ ಹಿಂದೆ ತಾಯಿಯ ಸೌಟಿನ ಸದ್ದು ನಿಂತೇ ಹೋಗಿತ್ತು. ನಾನು ತಡೆಯಲಾರದೆ ಕೇಳಿದೆ, ಹಾಗಾದರೆ ನಮ್ಮನ್ನು ಕಡೆಗೆ ಇಟ್ಟದ್ದೇಕೆ ಎಂದು.

"ಇಲ್ಲಿ ಉಂಡ ಮೇಲೆ ಗಣಿತ ಮಾಸ್ತರ್ರ ತಾಯಿ ನನ್ನ ಒಳಗೆ ಬಿಡ್ತಿದ್ರಾ? ನೀವೇ ಹೇಳಿ."

ನಾಚಿಕೆಯೂ ಸಂತೋಷವೂ ಒಟ್ಟಿಗೇ ಆಯಿತು. ಅವರನ್ನು ಮನೆಯವರೆಗೆ ಬಿಟ್ಟುಬರಲು ಹೊರಟೆ. ಅವರ ಬಿಡಾರದ ಹತ್ತಿರದ ಕೆರೆಯ ಬಳಿ ಅವರು ನಿಂತರು.

"ನೀವಿನ್ನು ಹೋಗಿ. ಮನೇಲಿ ಹೆಂಡತಿ ಇದ್ದು, ಮೀಯದೆ ಒಳಗೆ ಬಿಡ್ತಿಲ್ಲೆ," ಎಂದು ಅಂಗಿ ಕಳಚಿ ಮೆಟ್ಟಿಲ ಮೇಲೆ ಇಟ್ಟರು. ಇಳಿದು ಮುಳುಗು ಹಾಕಿದರು, ಒದ್ದೆ ಪಂಚೆಯಲ್ಲೇ ಹತ್ತಿ ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ತಾಯಿಗೆ ಹೇಳಿಬಿಟ್ಟೆ, ನಿನ್ನ ಅಡುಗೆಯನ್ನು ಕೆರೆಯಲ್ಲಿ ತೊಳೆದುಕೊಂಡು ಹೋದರು ಎಂದು.

ತಾಯಿ ಅವರು ಉಂಡ ಎಲೆ ಮಡಿಸುತ್ತಿದ್ದಳು. ಅದರಲ್ಲಿ ಒಂದು ಎಳೆ ಶಾವಿಗೆಯೂ ಉಳಿದಿರಲಿಲ್ಲ.

"ಮೈ ತಾನೇ ತೊಳ್ಕೊಂಡದ್ದು?" ಎಂದಳು. "ಹೊಟ್ಟೆ ತೊಳೀಲಿಕ್ಕೆ ಆಗ್ತದಾ?"