ಚಂಡಮಾರುತ ದುರ್ಬಲಗೊಂಡ ಶನಿವಾರ

ಬಂಗಾಳ ಕೊಲ್ಲಿಯಲ್ಲಿ ಏನು ನಡೆಯುತ್ತಿದೆ ಎಂಬ ಚಿಂತೆ ಹೆಸರಘಟ್ಟದಲ್ಲಿ ಕೂತವನಿಗೆ ಯಾಕೆ ಅಂತ ಕೇಳಿದವರುಂಟು. ನಾನು ರಾಗಿ ಹುಲ್ಲಿನ ವ್ಯಾಪಾರಿ. ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತು ಶುರು ಮಾಡಿದವನು. ಈಗ ಸ್ವಂತ ಜಾಗ, ಸ್ವಂತ ಲಾರಿ. ಕುಯ್ದ ರಾಗಿ ಹೊಲದಲ್ಲಿ ಮಲಗಿರುವಾಗ ಎರಡು ದಿನ ಜಿಟಿಜಿಟಿ ಹಿಡಿದರೆ ತೆನೆ ಅಲ್ಲೇ ಮೊಳಕೆ ಒಡೆಯುತ್ತದೆ, ಹುಲ್ಲು ಕಪ್ಪಾಗುತ್ತದೆ, ಹಸು ಮೂಸಿ ನೋಡಿ ಮುಖ ತಿರುಗಿಸುತ್ತದೆ. ನವೆಂಬರಿನಲ್ಲಿ ನಮ್ಮ ಕಡೆಗೆ ಆ ಮಳೆ ಬರುವುದು ಚೆನ್ನೈ ಆಚೆಗಿನ ಸಮುದ್ರದಿಂದ. ಆದ್ದರಿಂದ ನೋಡುತ್ತೇನೆ.

ನೋಡುವುದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಮಕ್ಕಳು ಸ್ಕೂಲಿಗೆ ಒಯ್ಯುವ ನಕ್ಷೆಯ ಹಾಳೆಯಲ್ಲಿ ಅಕ್ಷಾಂಶ ರೇಖಾಂಶದ ಗೆರೆ ಹಾಕಿಟ್ಟುಕೊಂಡಿದ್ದೇನೆ. ಹವಾಮಾನ ಇಲಾಖೆಯ ಪ್ರಕಟಣೆ ದಿನಕ್ಕೆ ಹಲವು ಸಲ ಫೋನಿಗೆ ಬರುತ್ತದೆ. ವಾಯುಭಾರ ಕುಸಿತ ಎಲ್ಲಿದೆ ಎಂದು ಓದಿ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಡುತ್ತೇನೆ, ಪಕ್ಕದಲ್ಲಿ ಗಂಟೆ ಬರೆಯುತ್ತೇನೆ. ಚುಕ್ಕಿಗಳು ದೂರ ದೂರ ಬೀಳುತ್ತಿದ್ದರೆ ಅದು ಓಡುತ್ತಿದೆ, ನಮ್ಮನ್ನು ಒದ್ದೆ ಮಾಡಿ ಹೊರಟುಹೋಗುತ್ತದೆ. ಒತ್ತೊತ್ತಾಗಿ ಬಿದ್ದರೆ ಅದು ಕಾಲು ಚಾಚಿ ಕೂತಿದೆ ಅಂತ ಅರ್ಥ. ಕೂತ ನೆಂಟನೇ ಅಪಾಯ, ಓಡಾಡುವ ನೆಂಟನಲ್ಲ.

ಜನ ಹೀಗೆ ನೋಡುವುದಿಲ್ಲ. ಕುಸಿತ ಚಂಡಮಾರುತವಾಗಿ ಅದಕ್ಕೊಂದು ಹೆಸರಿಡುವ ತನಕ ಅವರಿಗೆ ಅದು ಲೆಕ್ಕಕ್ಕಿಲ್ಲ. ಹೆಸರಿಟ್ಟ ಮರುಕ್ಷಣ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಿಕ್ಕಿಕೊಂಡವನೂ ಹವಾಮಾನ ತಜ್ಞ. ಟಿವಿಯವನು ಗುಡುಗಿನ ಸದ್ದು ಸೇರಿಸಿ ಕೆಂಪು ಸುಳಿ ತಿರುಗಿಸುತ್ತಾನೆ. ವಾಟ್ಸಾಪಿನಲ್ಲಿ ಯಾವುದೋ ವರ್ಷದ ಚಿತ್ರ ಬರುತ್ತದೆ. ಮೂಲೆಯಲ್ಲಿ ತಾರೀಖು ಇದ್ದರೂ ಓದುವ ವ್ಯವಧಾನ ಯಾರಿಗಿದೆ? ಆಮೇಲೆ ಅದು ದಡ ದಾಟಿತು, ದುರ್ಬಲಗೊಂಡಿತು ಅಂದರೆ ಮುಗಿಯಿತು. ಖಾತೆ ಕಳೆದುಕೊಂಡ ಮಂತ್ರಿಯನ್ನು ಬಿಡುವ ಹಾಗೆ ಬಿಟ್ಟುಬಿಡುತ್ತಾರೆ. ದುರ್ಬಲವಾದದ್ದು ಗಾಳಿ, ಮಳೆಯಲ್ಲ. ದಡದ ಊರುಗಳಿಗೆ ಗಾಳಿ ಮುಖ್ಯ. ನಮಗೆ ಸಮುದ್ರದಲ್ಲಿ ಕುಡಿದ ನೀರನ್ನು ಅದು ಎಲ್ಲಿ ಕೂತು ಕಕ್ಕುತ್ತದೆ ಎಂಬುದು ಮುಖ್ಯ. ಇಷ್ಟು ತಿಳಿಯಲು ಕಾಲೇಜು ಬೇಡ.

ಈಚಿನ ವರ್ಷದ ಒಂದು ಕುಸಿತದ ಮಾತು. ನನ್ನ ಜಾಗದ ಹಿಂದೆ ಒಂದೂವರೆ ಎಕರೆ ರಾಗಿ ನಿಂತಿತ್ತು. ಅದರ ಯಜಮಾನರು ಹಳೆಯ ಊರಿನವರು. ಉಳಿದ ಜಮೀನನ್ನೆಲ್ಲ ಲೇಔಟ್ ಮಾಡಿ, ಯಲಹಂಕದಲ್ಲಿ ಕಟ್ಟಡಗಳನ್ನೆಬ್ಬಿಸಿ, ಇದೊಂದು ತುಂಡನ್ನು ಬೇಸಾಯಗಾರ ಅನ್ನಿಸಿಕೊಳ್ಳಲು ಇಟ್ಟುಕೊಂಡಿದ್ದರು. ಬಿತ್ತನೆ, ಕಳೆ, ಕಾವಲು ಎಲ್ಲ ನೋಡಿದವಳು ಪಕ್ಕದಲ್ಲಿ ಐದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಒಬ್ಬ ಹೆಂಗಸು. ಒಪ್ಪಂದ ಸರಳ: ರಾಗಿ ಯಜಮಾನರಿಗೆ, ಹುಲ್ಲು ಆಕೆಗೆ. ಆ ಹುಲ್ಲೇ ಐದು ಹಸುಗಳ ವರ್ಷದ ಮೇವು. ಕೆಟ್ಟರೆ ಹಸು ಮಾರಬೇಕು, ಇಲ್ಲವೇ ನನ್ನ ಹತ್ತಿರ ಬರಬೇಕು. ಆದರೆ ಯಾವತ್ತು ಕುಯ್ಯಬೇಕು ಎನ್ನುವ ಮಾತು ಮಾತ್ರ ಆಕೆಯದಲ್ಲ.

ತೆನೆ ಬಲಿತು ಒಂದು ವಾರವಾಗಿತ್ತು. ಮೋಡಕ್ಕೆ ಹೆದರಿ ಯಜಮಾನರು ಮುಂದೂಡುತ್ತಲೇ ಇದ್ದರು. ಚಂಡಮಾರುತವಾಗಿ ಬೆಳೆದಿದ್ದ ಆ ಕುಸಿತ ಶುಕ್ರವಾರ ಸಂಜೆ ಚೆನ್ನೈ ಕೆಳಗೆ ದಡ ದಾಟಿತು. ಶನಿವಾರ ಬೆಳಿಗ್ಗೆ ನಮ್ಮಲ್ಲಿ ಬಿಸಿಲು ಬಿತ್ತು, ಟಿವಿಯಲ್ಲಿ ‘ದುರ್ಬಲ’ ಎಂಬ ಪದವೂ ಬಂತು. ಏಳು ಗಂಟೆಗೆಲ್ಲ ಹೊಲಕ್ಕೆ ಕಟಾವಿನ ಯಂತ್ರ ಬಂದು ನಿಂತಿತು.

ನನ್ನ ಹಾಳೆಯಲ್ಲಿ ಕೊನೆಯ ಮೂರು ಚುಕ್ಕಿ ಒಂದರ ಮೇಲೊಂದು ಕೂತಿದ್ದವು. ದಡ ದಾಟಿದ್ದು ನಿಜ, ದಾಟಿ ಅಲ್ಲೇ ಕುಕ್ಕರಿಸಿದೆ. ಹಾಳೆ ಮಡಿಸಿಕೊಂಡು ಹೋಗಿ ಯಜಮಾನರಿಗೆ ತೋರಿಸಿದೆ. ಇವತ್ತು ಕುಯ್ಯಬೇಡಿ, ನಿಂತ ಪೈರು ನೆನೆದರೂ ಒಣಗುತ್ತದೆ, ಮಲಗಿಸಿದ್ದು ಏಳುವುದಿಲ್ಲ ಅಂದೆ.

ಅವರು ಹಾಳೆಯನ್ನು ಕೈಯಲ್ಲಿ ಸಹ ಹಿಡಿಯಲಿಲ್ಲ.

"ಏನ್ ಸಾವ್ಕಾರ್ರೇ, ಓದ್ ವರ್ಷಾನೂ ಇಂಗೇ ಒಂದ್ ಮಳೆ ತಂದಿದ್ರಲ್ಲ. ಎಲ್ಲಿ ಬಂತು ಅದು?"

ಯಂತ್ರದವನು ನಕ್ಕ. ಬದುವಿನ ಮೇಲೆ ನಿಂತಿದ್ದ ಹಾಲಿನ ಹೆಂಗಸು ನಗಲಿಲ್ಲ. ನನ್ನನ್ನು ಅಳೆಯುವ ಹಾಗೆ ನೋಡಿದಳು.

ಅದರ ಹಿಂದಿನ ವರ್ಷದ್ದನ್ನು ಹೇಳಿಬಿಡುತ್ತೇನೆ. ಆ ಸಲದ ಕುಸಿತ ಒಡಿಶಾ ಕಡೆ ತಿರುಗಿತ್ತು. ಹಾಗೆ ತಿರುಗಿದ್ದು ನಮ್ಮ ಮೋಡವನ್ನೂ ತನ್ನ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಇಲ್ಲಿ ಆಕಾಶ ಬೋಳಾಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊಲ ಹೊಲ ತಿರುಗಿ, ಮಳೆ ಬರುತ್ತಿದೆ, ಹುಲ್ಲು ಈಗಲೇ ಕೊಟ್ಟುಬಿಡಿ ಎಂದು ಹೆದರಿಸಿ, ಕಡಿಮೆಗೆ ಎತ್ತಿದೆ. ವ್ಯಾಪಾರದಲ್ಲಿ ಇದು ನಡೆಯುತ್ತದೆ, ಎಲ್ಲರೂ ಮಾಡುತ್ತಾರೆ ಎಂದು ಅವತ್ತು ಹೇಳಿಕೊಂಡಿದ್ದೆ. ಅದರ ಫಲ ಈಗ ಬದುವಿನ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು. ಆಕೆಯ ಹುಲ್ಲು ಕೆಟ್ಟರೆ ಲಾಭ ಯಾರಿಗೆ? ನನಗೆ. ಕೆಡದಂತೆ ನಾನೇ ಸಲಹೆ ಕೊಡುತ್ತೇನೆ ಅಂದರೆ ಯಾರು ನಂಬುತ್ತಾರೆ? ನಾನೇ ಆಕೆಯ ಜಾಗದಲ್ಲಿದ್ದರೆ ನಂಬುತ್ತಿರಲಿಲ್ಲ.

"ನಿಮ್ಮಿಷ್ಟ," ಅಂದು ವಾಪಸು ಬಂದೆ. ಪುಕ್ಕಟೆ ಸಲಹೆಗೆ ಇಷ್ಟೇ ಮರ್ಯಾದೆ ಎಂದು ಬೈದುಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ಒಂದೂವರೆ ಎಕರೆಯೂ ನೆಲಕ್ಕೆ ಮಲಗಿತ್ತು. ಇನ್ನು ನಾಲ್ಕು ದಿನ ಹಾಗೇ ಒಣಗಲಿ ಎಂದು ಹೇಳಿ ಯಜಮಾನರು ಕಾರು ಹತ್ತಿ ಯಲಹಂಕಕ್ಕೆ ಹೋದರು. ಫೋನಿನಲ್ಲಿ ಮುಂದಿನ ಪ್ರಕಟಣೆ ಬಂತು. ಇನ್ನೊಂದು ಚುಕ್ಕಿ, ಮೊದಲಿನದಕ್ಕೆ ಅಂಟಿಕೊಂಡೇ. ನನ್ನ ಬಣವೆಗಳನ್ನು ನಾನು ಮುಚ್ಚಲು ಶುರು ಮಾಡಿದೆ.

ಮೂರು ಗಂಟೆಗೆ ಟೀ ಕುಡಿಯಲು ಹೊರಗೆ ಬಂದವನು ಹೊಲ ನೋಡಿ ನಿಂತೆ. ಹಾಲಿನ ಹೆಂಗಸು, ಆಕೆಯ ನಾದಿನಿ, ಬೀದಿಯ ನಾಲ್ಕೈದು ಹೆಂಗಸರು ಕುಯ್ದದ್ದನ್ನು ಬಾಚಿ ಬಾಚಿ ಕಂತೆ ಕಟ್ಟುತ್ತಿದ್ದರು. ತೆನೆ ಒಳಕ್ಕೆ, ಬುಡ ಹೊರಕ್ಕೆ ಇಟ್ಟು ಮೆದೆ ಏಳುತ್ತಿತ್ತು. ಯಾರೋ ಯಜಮಾನರಿಗೆ ಸುದ್ದಿ ಮುಟ್ಟಿಸಿರಬೇಕು, ಅವರ ಫೋನು ಬಂತು. ಆಕೆ ಸ್ಪೀಕರಿಗೆ ಹಾಕಿ ಕಂತೆಯ ಮೇಲಿಟ್ಟು ಕೆಲಸ ಮುಂದುವರಿಸಿದಳು. ಹಸಿ ಪೈರು ಮೆದೆ ಹಾಕಿದರೆ ಕಾವು ಬಂದು ಬೂಷ್ಟು ಹಿಡಿಯುತ್ತೆ, ತಲೆ ಇದೆಯಾ ಎಂದು ಅವರು ಕೂಗಾಡಿದರು. ಆ ಮಾತು ಸುಳ್ಳಲ್ಲ.

"ಉಲ್ಲು ನಂದು ತಾನೆ ಯಜಮಾನ್ರೇ," ಅಂದಳು. "ಬೂಷ್ಟು ಇಡಿದ್ರೆ ನಂದೇ ಇಡೀಲಿ."

ಭಾನುವಾರ ಬೆಳಕು ಹರಿಯುವ ಮೊದಲೇ ಮಳೆ ಹಿಡಿಯಿತು. ಅಬ್ಬರವಿಲ್ಲ, ಗುಡುಗಿಲ್ಲ. ಸುಮ್ಮನೆ ಸುರಿಯಿತು, ಸೋಮವಾರ ಕತ್ತಲಾಗುವ ತನಕ. ಟಿವಿಯವನು ಆಗಲೇ ಬೇರೆ ಸುದ್ದಿಗೆ ಹೋಗಿಯಾಗಿತ್ತು.

ಮೆದೆಗೆ ಸೇರಿದ್ದು ಹೊಲದ ಅರ್ಧ. ಉಳಿದ ಅರ್ಧ ನೀರಿನಲ್ಲಿ ಮಲಗಿ ಮೊಳಕೆ ಒಡೆಯಿತು. ಯಜಮಾನರು ಬಂದು ನೋಡಿ, ಯಾರೂ ಮೊದಲೇ ಹೇಳಲಿಲ್ಲ, ಈ ಹವಾಮಾನದವರನ್ನು ನಂಬಿದರೆ ಇಷ್ಟೇ ಎಂದರು. ಅಂಥವರಿಗೆ ಉತ್ತರ ಕೊಡುವುದು ಗಾಳಿಗೆ ಗೂಟ ಹೊಡೆದ ಹಾಗೆ.

ಮಂಗಳವಾರ ಬಿಸಿಲು ಬಂದಾಗ ಆಕೆ ಮೆದೆ ಬಿಚ್ಚಿ ಹರಡುತ್ತಿದ್ದಳು. ಒಳಗೆ ಕೈ ಹಾಕಿ ನೋಡಿದೆ, ಬೆಚ್ಚಗಿತ್ತು, ಕೆಟ್ಟಿರಲಿಲ್ಲ. ನನ್ನ ಸಲಹೆಯನ್ನು ಕೊನೆಗಾದರೂ ಕೇಳಿದೆಯಲ್ಲಮ್ಮ ಅಂದೆ. ಅನ್ನಬಾರದಿತ್ತು.

"ನಿಮ್ ಮಾತ್ ನಾನೆಲ್ಲಿ ಕೇಳ್ದೆ ಅಣ್ಣ? ನಿಮ್ಗೇ ಏನೋ ಬೇಕಾಗೈತೆ ಅಂದ್ಕೊಂಡೆ. ಮದ್ಯಾನ ಬೂಸಾ ತಗೊಂಡ್ ಬರ್ತಾ ಇದ್ರೆ, ಅಂಥಾ ಬಿಸಿಲಲ್ಲಿ ನೀವು ಬಣವೆಗೆ ಟಾರ್ಪಾಲ್ ಬಿಗೀತಿದ್ರಿ. ಸುಳ್ಳೇಳೋಕೆ ಯಾರೂ ಅಷ್ಟ್ ಬೆವ್ರಲ್ಲ. ಸೀದಾ ಒಲಕ್ಕೆ ಓಡ್ದೆ."

ಕಡಿಮೆ ಬಿದ್ದ ಮೇವಿಗೆ ಬೇಸಿಗೆಯಲ್ಲಿ ನನ್ನ ಹತ್ತಿರವೇ ಬಂದಳು. ಹಸು ಐದೂ ಇದ್ದವು. ಆಕೆಗೆಂದು ಒಳ್ಳೆಯ ಬೆಲೆಯನ್ನೇ ಹೇಳಿದೆ, ಇದಕ್ಕಿಂತ ಇಳಿಸಿದರೆ ನನಗೆ ಗಿಟ್ಟುವುದಿಲ್ಲ ಅಂದೆ. ಆಕೆ ಹುಲ್ಲಿನ ಹೊರೆಯ ಮೇಲೆ ಕೂತುಕೊಂಡು ಅರ್ಧ ಗಂಟೆ ಚೌಕಾಸಿ ಮಾಡಿದಳು. ಇಳಿಸಿದೆ. ಗಿಟ್ಟಿತು.